ವೈನಿಗೆ ಕೊಟ್ಟ ಅರ್ಧ ಎಂ.ಎಲ್.

ನನ್ನ ಮೈನೋವಿನ ಔಷಧವನ್ನು ನಾನೇ ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಎಂದರೆ ಕೇಳಿದವರು ಯಾವುದೋ ಕಷಾಯವಿರಬೇಕು ಎಂದುಕೊಳ್ಳುತ್ತಾರೆ. ಕಷಾಯವಲ್ಲ. ಐವತ್ತು ಮಿಲಿಗ್ರಾಮಿನ ಒಂದು ಗುಳಿಗೆ, ಐವತ್ತು ಎಂ.ಎಲ್. ಡಿಸ್ಟಿಲ್ಡ್ ವಾಟರ್, ಮುಚ್ಚಳ ಬಿಗಿಯಾಗಿ ಕೂರುವ ಕಂದು ಗಾಜಿನ ಬಾಟಲಿ, ಸೂಜಿಯಿಲ್ಲದ ಒಂದು ಸಿರಿಂಜು. ಇಷ್ಟೇ ಸಾಮಾನು. ಗುಳಿಗೆ ಒಡೆದು ನೀರು ಮಬ್ಬಾಗುತ್ತದೆ, ತಳದಲ್ಲಿ ಒಂದಿಷ್ಟು ಪುಡಿ ಕೂರುತ್ತದೆ. ಆದ್ದರಿಂದ ಪ್ರತಿ ಸಲ ಚೆನ್ನಾಗಿ ಅಲುಗಾಡಿಸಿಯೇ ಸಿರಿಂಜಿಗೆ ಎಳೆಯಬೇಕು. ಒಂದು ಎಂ.ಎಲ್. ಎಂದರೆ ಒಂದು ಮಿಲಿಗ್ರಾಮ್. ಬಾಟಲಿ ಫ್ರಿಜ್ಜಿನಲ್ಲಿರಬೇಕು. ಬೇಸಿಗೆಯಲ್ಲಿ ಕರೆಂಟು ಬಹಳ ಹೊತ್ತು ಹೋದರೆ ಚೆಲ್ಲಿ ಹೊಸದು ಮಾಡುತ್ತೇನೆ.

ಇದನ್ನು ನನಗೆ ಕಲಿಸಿದವರು ಸೊಲ್ಲಾಪುರದ ಒಬ್ಬ ಡಾಕ್ಟರು. ನಾಲ್ಕು ವರ್ಷ ನಾನು ನೋವಿನಲ್ಲಿ ಕಳೆದಿದ್ದೆ. ಬೆಳಿಗ್ಗೆ ಏಳುವಾಗ ಯಾರೋ ಒನಕೆಯಿಂದ ಮೈಯೆಲ್ಲ ಕುಟ್ಟಿ ಹೋದಂತೆ. ಸಿಂದಗಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಕೈ ಮೇಲೇಳದೆ ಬೋರ್ಡಿನ ಅರ್ಧಕ್ಕಿಂತ ಕೆಳಗೆ ಮಾತ್ರ ಬರೆಯುತ್ತಿದ್ದೆ. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತೇಹೋಗಿ ಪಕ್ಕದ ಮನೆಯವರಿಂದ ತರಿಸುತ್ತಿದ್ದೆವು. ರಕ್ತ, ಎಕ್ಸ್-ರೇ, ಎಲ್ಲವೂ ಸರಿ ಇವೆ ಎಂದು ಬರುತ್ತಿತ್ತು. ಎಲ್ಲ ಸರಿ ಇದ್ದೂ ನೋಯುವುದಕ್ಕಿಂತ ಏನಾದರೂ ಸಿಕ್ಕಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಸೊಲ್ಲಾಪುರದ ಡಾಕ್ಟರು ವಯಸ್ಸಾದವರು, ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಮಾತಾಡುವವರು. ಈ ಗುಳಿಗೆ ನಿಜಕ್ಕೂ ಕುಡಿತದ, ಅಫೀಮಿನ ಚಟ ಬಿಡಿಸುವುದಕ್ಕೆ ಇರುವುದು, ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ನಿಮ್ಮಂಥ ನೋವಿನ ಕೆಲವರಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ, ನೋಡೋಣ ಎಂದರು. ಅಷ್ಟು ಸಣ್ಣ ಪ್ರಮಾಣದ ಗುಳಿಗೆ ನಮ್ಮ ಕಡೆ ಸಿಗುವುದಿಲ್ಲವಾದ್ದರಿಂದ ನೀರಿನಲ್ಲಿ ಕದಡುವ ಈ ಉಪಾಯ. ಸಿಂದಗಿಯ ಔಷಧ ಅಂಗಡಿಯವನು ಚೀಟಿ ನೋಡಿ ದನಿ ತಗ್ಗಿಸಿ, "ಅಕ್ಕಾರ, ಮನಿಯವರಿಗೆ ಗೊತ್ತಿಲ್ದಂಗ ಪಲ್ಯಾದಾಗ ಹಾಕಿ ಕೊಡಬ್ಯಾಡ್ರಿ ಮತ್ತ" ಎಂದ. ಹಾಗೆ ಮಾಡುವ ಹೆಂಗಸರು ಇದ್ದಾರಂತೆ. ಚಹಾದ ಹೊರತು ಇನ್ನೇನೂ ಕುಡಿಯದ ನನ್ನ ಗಂಡ ಇದನ್ನು ಕೇಳಿ, "ಮೂವತ್ತು ವರ್ಷ ಕಾಯ್ಕೊಂಡು ಬಂದ ಹೆಸರು ಒಂದ ಚೀಟ್ಯಾಗ ಕಳದಿ" ಎಂದರು.

ಡಾಕ್ಟರು ಹೇಳಿದ್ದನ್ನೆಲ್ಲ ಅಲ್ಲೇ ಕೂತು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಶಾಲೆಯವರ ಚಟ. ಅರ್ಧ ಎಂ.ಎಲ್.ನಿಂದ ಶುರು ಮಾಡಬೇಕು, ಎರಡು ವಾರಕ್ಕೊಮ್ಮೆ ಅರ್ಧ ಏರಿಸಬೇಕು, ನಾಲ್ಕೂವರೆಗೆ ನಿಲ್ಲಬೇಕು, ಅವಸರ ಕೂಡದು. ಲಿವರಿನ ಪರೀಕ್ಷೆ ಮಾಡಿಸಬೇಕು. ಆಪರೇಷನ್ ಇದ್ದರೆ, ಹಲ್ಲು ಕೀಳಿಸಲು ಹೋದರೂ, ಮೊದಲೇ ಹೇಳಬೇಕು. ಎಲ್ಲಾದರೂ ಬಿದ್ದು ಎಚ್ಚರ ತಪ್ಪಿದರೆ ಹೇಳಲು ಬಾಯಿ ಇರುವುದಿಲ್ಲ, ಅದಕ್ಕೆ ಪರ್ಸಿನಲ್ಲಿ ಒಂದು ಚೀಟಿ ಇರಬೇಕು. ಎಲ್ಲಕ್ಕಿಂತ ದೊಡ್ಡದನ್ನು ಅವರು ಎರಡು ಸಲ ಹೇಳಿದರು, ನಾನು ಕೆಳಗೆ ಎರಡು ಗೆರೆ ಎಳೆದೆ: ಟ್ರಮಾಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧ, ಮಾರ್ಫಿನ್, ಅಫೀಮಿನ ವಂಶದ ಯಾವ ನೋವಿನ ಔಷಧವೂ ಇದರೊಂದಿಗೆ ಕೂಡದು. ಇದು ಅವುಗಳ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅವು ಮೊದಲೇ ಒಳಗಿದ್ದರೆ ಹಿಡಿದು ಹೊರಗೆ ದಬ್ಬುತ್ತದೆ. ಆಗ ಮನುಷ್ಯ ಪಡುವ ಸಂಕಟ ನೋಡಲಾಗದು.

ಮೊದಲ ವಾರ ತಲೆನೋವು, ಹೊಟ್ಟೆ ತೊಳೆಸುವುದು. ಬಾಯಿ ಒಣಗುತ್ತಿತ್ತು. ಮಲಗುವ ಮುಂಚೆ ತೆಗೆದುಕೊಂಡರೆ ಕನಸು ಬೀಳುತ್ತಿದ್ದವು, ಸಾಧಾರಣ ಕನಸಲ್ಲ. ಇಂಡಿ ಊರಿನ ನಮ್ಮ ತವರಿನ ಅಂಗಳದಲ್ಲಿ ತೀರಿಹೋದ ಅವ್ವ ನಿಂಬೆಹಣ್ಣು ಆರಿಸುತ್ತ ಕೂತಿರುವುದು, ದೊಡ್ಡವು ಒಂದು ಬುಟ್ಟಿಗೆ, ಸಣ್ಣವು ಒಂದು ಬುಟ್ಟಿಗೆ. ಎದ್ದ ಮೇಲೂ ಬೆರಳಿನಲ್ಲಿ ನಿಂಬೆಯ ವಾಸನೆ ಇದೆಯೇನೋ ಎಂದು ಮೂಸಿ ನೋಡಿಕೊಳ್ಳುವಷ್ಟು ಖರೆ. ಡಾಕ್ಟರಿಗೆ ಫೋನು ಮಾಡಿದರೆ, ಕನಸು ಈ ಔಷಧದ ಗುಣ, ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ ತೆಗೆದುಕೊಳ್ಳಿ ಎಂದರು. ಬೆಳಿಗ್ಗೆಗೆ ಬದಲಾಯಿಸಿದೆ, ಕನಸು ನಿಂತವು. ಎರಡೂವರೆ ತಿಂಗಳ ಮೇಲೆ ಒಂದು ದಿನ ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆದು ಕೈ ಕೆಳಗಿಳಿಸಿದ ಮೇಲೆ ನನಗೆ ಅರಿವಾಯಿತು, ನಾನು ತುದಿಯಲ್ಲಿ ಬರೆದಿದ್ದೇನೆ. ಆ ಸಂಜೆ ಎರಡು ರೊಟ್ಟಿ ಬಡಿದೆ. ಒಂದು ಹರಿಯಿತು. ಹರಿದದ್ದನ್ನು ನಾನೇ ತಿಂದೆ.

ಔಷಧ ಹತ್ತಿದರೆ ಅದನ್ನು ಹಂಚಬೇಕು ಎನ್ನುವುದು ನಮ್ಮ ತವರಿನ ಪದ್ಧತಿ. ಅವ್ವನ ಬಳಿ ಬಿಸ್ಕೀಟಿನ ಒಂದು ತಗಡಿನ ಡಬ್ಬಿ ಇತ್ತು. ಮನೆಯಲ್ಲಿ ಯಾರಿಗೆ ಏನು ಔಷಧ ಕೊಟ್ಟರೂ ಉಳಿದ ಗುಳಿಗೆ ಅದರಲ್ಲಿ. ಓಣಿಯವರು ಬಂದು ನಿಮ್ಮ ದೊಡ್ಡವನಿಗೆ ಹತ್ತಿದ್ದ ಜ್ವರದ ಗುಳಿಗೆ ಕೊಡ್ರಿ ಎಂದು ಕೇಳಿ ಒಯ್ಯುತ್ತಿದ್ದರು. ಹತ್ತಿದ ಔಷಧವನ್ನು ಮುಚ್ಚಿಟ್ಟುಕೊಂಡರೆ ಅದು ಮುಂದೆ ನಮಗೂ ಹತ್ತುವುದಿಲ್ಲ ಎಂದು ಅವ್ವ ನಂಬಿದ್ದಳು. ನಾನು ಡಬ್ಬಿ ಇಟ್ಟುಕೊಂಡವಳಲ್ಲ, ಓದಿದವಳು. ಆದರೂ ನನ್ನ ನೋವು ಇಳಿದ ದಿನದಿಂದ ನನ್ನ ಮನಸ್ಸು ಒಂದೇ ಕಡೆ ಓಡುತ್ತಿತ್ತು: ಬಸವನ ಬಾಗೇವಾಡಿಗೆ, ವೈನಿಯ ಕಡೆಗೆ.

ವೈನಿ ಎಂದರೆ ಅಣ್ಣನ ಹೆಂಡತಿ. ಆಕೆ ನಮ್ಮ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ, ಆಕೆಗೆ ಹತ್ತೊಂಬತ್ತು. ಹೇನು ತುಂಬಿದ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನಗಟ್ಟಲೆ ಬಾಚಿದವಳು. ನಾನು ಮೊದಲ ಸಲ ಮುಟ್ಟಾದಾಗ ಅವ್ವನಿಗಿಂತ ಮೊದಲು ಆಕೆಗೆ ಹೇಳಿದ್ದೆ. ಅಣ್ಣ ಆಲಮಟ್ಟಿಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಬಾಗೇವಾಡಿಯಲ್ಲಿ ಮನೆ ಕಟ್ಟಿದ್ದ. ಇದ್ದವಳು ಒಬ್ಬಳೇ ಮಗಳು, ತಡವಾಗಿ ಹುಟ್ಟಿದವಳು, ಬಿ.ಎಡ್. ಓದುತ್ತಿದ್ದಳು. ವರ್ಷದಿಂದ ವೈನಿಗೆ ಬೆನ್ನುನೋವು. ಬೆನ್ನೆಲುಬು ಸವೆದಿದೆ, ವಯಸ್ಸಿನದು ಎಂದು ಅಣ್ಣ ಫೋನಿನಲ್ಲಿ ಹೇಳುತ್ತಿದ್ದ. ಹೋದಾಗಲೆಲ್ಲ ಆಕೆ ಹಿಂದಿನ ಸಲಕ್ಕಿಂತ ತೆಳ್ಳಗೆ ಕಾಣುತ್ತಿದ್ದಳು. ಕೇಳಿದರೆ, ಡಾಕ್ಟರು ತೂಕ ಇಳಿಸು ಅಂದಾರ, ಇಳಿಸೀನಿ, ಈಗ ನೀನು ಇಳಿಸು ಎಂದು ನನ್ನ ಸೊಂಟಕ್ಕೆ ಚಿವುಟುತ್ತಿದ್ದಳು.

ಆ ವರ್ಷ ಮಗಳಿಗೆ ಮುದ್ದೇಬಿಹಾಳದ ಒಂದು ಸಂಬಂಧ ನಡೆದಿತ್ತು. ತಂದವಳು ನಾನೇ, ಹುಡುಗನ ಸೋದರತ್ತೆ ನನ್ನ ಶಾಲೆಯಲ್ಲೇ ಶಿಕ್ಷಕಿ, ನನ್ನ ಪಕ್ಕದ ಕುರ್ಚಿಯವಳು. ಈ ಮಾತು ಯಾಕೆ ಹೇಳುತ್ತಿದ್ದೇನೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದೆ. ಔಷಧದ ಬಾಟಲಿಯನ್ನು ಬರ್ಫ ತುಂಬಿದ ಫ್ಲಾಸ್ಕಿನಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡಿದ್ದೆ. ರವಿವಾರ ಬೆಳಿಗ್ಗೆ ಅಣ್ಣ ತಾರೀಖು ಗಟ್ಟಿ ಮಾಡಲು ಮುದ್ದೇಬಿಹಾಳಕ್ಕೆ ಹೋದ. ಮಗಳು ಪರೀಕ್ಷೆ ಇದೆಯೆಂದು ವಿಜಯಪುರಕ್ಕೆ ಹೋದಳು. ಮನೆಯಲ್ಲಿ ನಾನು, ವೈನಿ. ಚಹಾ ಕುಡಿದು ನಾನು ನನ್ನ ನಾಲ್ಕೂವರೆ ಎಂ.ಎಲ್. ತೆಗೆದುಕೊಂಡೆ. ವೈನಿ ಮಂಚದ ಮೇಲೆ ಗೋಡೆಗೆ ದಿಂಬು ಕೊಟ್ಟು ಒರಗಿ ನೋಡುತ್ತಿದ್ದಳು.

ನಾನು ಸುಮ್ಮನೆ ಕೊಡಲಿಲ್ಲ. ಇದನ್ನು ಬರೆಯುವಾಗ ನನ್ನನ್ನು ನಾನು ಸಮರ್ಥಿಸಿಕೊಳ್ಳುತ್ತಿದ್ದೇನೆ ಅನ್ನಿಸಬಹುದು, ಆದರೆ ನಡೆದದ್ದು ಹೀಗೆ. ನೋಟುಬುಕ್ಕು ತೆಗೆದು ಒಂದೊಂದೇ ಕೇಳಿದೆ. ಲಿವರಿನ ತೊಂದರೆ ಇದೆಯೇ, ಇಲ್ಲ. ಕೆಮ್ಮಿನ ಔಷಧ ಕುಡಿದಿದ್ದೀರಾ, ಇಲ್ಲ. ಎರಡು ಗೆರೆ ಎಳೆದ ಸಾಲಿಗೆ ಬಂದೆ.

"ನೋವಿಗೆ ಕಡಕ ಗುಳಿಗಿ ಏನರೆ ತಗೋತೀರೇನ್ರಿ ವೈನಿ? ಅದರ ಜೋಡಿ ಇದು ನಡಿಯಂಗಿಲ್ಲ."

"ಎಲ್ಲೀದು. ಕ್ಯಾಲ್ಸಿಯಂ ಅಷ್ಟ."

ನಾನು ಎದ್ದು ಹೋಗಿ ಕಪಾಟು ನೋಡಿದೆ. ಕ್ಯಾಲ್ಸಿಯಂ ಎಂದು ಬರೆದ ಪ್ಲಾಸ್ಟಿಕ್ಕಿನ ಬಾಟಲಿ ಇತ್ತು. ಮುಚ್ಚಳ ತೆಗೆದೆ. ಒಳಗೆ ಸಣ್ಣ ಗುಳಿಗೆಗಳು. ಕ್ಯಾಲ್ಸಿಯಂ ಗುಳಿಗೆ ಇಷ್ಟು ಸಣ್ಣದಿರುತ್ತದೆಯೇ ಎಂದು ಒಂದು ಕ್ಷಣ ಅನ್ನಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇರೆ ಕಂಪನಿಯದಿರಬೇಕು ಎಂದುಕೊಂಡು ಮುಚ್ಚಿದೆ.

ಶುರುವಿನ ಪ್ರಮಾಣ, ಅರ್ಧ ಎಂ.ಎಲ್. ಅಷ್ಟನ್ನೇ ಎಳೆದೆ. ವೈನಿ ಸಿರಿಂಜು ನೋಡಿ, "ಗುಬ್ಬಿ ಮರೀಗೆ ನೀರು ಕುಡಿಸಿದಂಗ ಆತಿದು" ಎಂದು ನಕ್ಕಳು. ಬಾಯಿ ತೆರೆದಳು. ನಾನು ನಾಲಿಗೆಯ ಮೇಲೆ ಬಿಟ್ಟೆ. ಕಹಿಗೆ ಮುಖ ಕಿವಿಚಿದಳು. ನಾನು ಒಳಗೆ ಅವಲಕ್ಕಿಗೆ ಉಳ್ಳಾಗಡ್ಡಿ ಹೆಚ್ಚಲು ಹೋದೆ.

ಮೊದಲು ಆಕಳಿಕೆ ಕೇಳಿಸಿತು. ಒಂದರ ಮೇಲೆ ಒಂದು, ನಿಲ್ಲದ ಆಕಳಿಕೆ. ಅವಲಕ್ಕಿಯ ತಾಟು ಹಿಡಿದು ಬಂದಾಗ ಆಕೆಯ ಕಣ್ಣು ಮೂಗಿನಿಂದ ನೀರು ಸುರಿಯುತ್ತಿತ್ತು. ಉಳ್ಳಾಗಡ್ಡಿಯ ಘಾಟು ಇಲ್ಲಿತನಕ ಬಂತೇ ಎಂದು ಕೇಳಿದೆ. ಮುಂಗೈ ಮೇಲೆ ಕೂದಲು ನಿಮಿರಿ ನಿಂತಿದ್ದವು, ಚರ್ಮ ಪುಕ್ಕ ಕಿತ್ತ ಕೋಳಿಯಂತೆ. ಬೆವರು. ಆಮೇಲೆ ವಾಂತಿ. ಹೊಟ್ಟೆ ಹಿಡಿದುಕೊಂಡು ಮಡಿಚಿ ಬಿದ್ದವಳು ಮಡಿಚಿದ್ದಕ್ಕೇ ಬೆನ್ನು ನೊಂದು ಮತ್ತೆ ಬಿಚ್ಚಿಕೊಂಡಳು, ಹೇಗೂ ಇರಲಾಗದೆ ಹೊರಳಿದಳು. ಮೂವತ್ತಾರು ವರ್ಷದಲ್ಲಿ ಆಕೆಯ ಬಾಯಿಂದ ಅಂಥ ದನಿಯನ್ನು ನಾನು ಕೇಳಿದ್ದಿಲ್ಲ. ಹೆರಿಗೆಯಲ್ಲೂ ಹಲ್ಲು ಕಚ್ಚಿಕೊಂಡಿದ್ದವಳು.

ಪಕ್ಕದ ಮನೆಯವರ ಗಾಡಿಯಲ್ಲಿ ದವಾಖಾನೆಗೆ ಒಯ್ದೆ. ಅಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ನನ್ನ ಬಾಟಲಿ ತೋರಿಸಿ, ಇದನ್ನು ಇಷ್ಟು ಕೊಟ್ಟೆ, ಇಷ್ಟು ಹೊತ್ತಿಗೆ ಎಂದು ಹೇಳಿದೆ. ಅವರ ಮುಖ ತಕ್ಷಣ ಬದಲಾಯಿತು. ಅಫೀಮಿನ ಜಾತಿಯ ಔಷಧ ಏನಾದರೂ ತಗೊಳ್ತಾರಾ ಎಂದು ಕೇಳಿದರು. ಇಲ್ಲ, ಕ್ಯಾಲ್ಸಿಯಂ ಮಾತ್ರ, ಬಾಟಲಿ ನಾನೇ ನೋಡಿದೆ ಎಂದೆ. ಅವರು ವೈನಿಯ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಬಗ್ಗಿ ಅದೇ ಪ್ರಶ್ನೆಯನ್ನು ಆಕೆಗೆ ಕೇಳಿದರು. ವೈನಿ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. ಇಲ್ಲ.

ಮನೆಯವರಿಗೆ ಫೋನು ಮಾಡಿ ಕೇಳಿ ಎಂದರು ಡಾಕ್ಟರು. ಅಣ್ಣ ಎತ್ತಿದಾಗ ಹಿಂದೆ ಚಹಾದ ಕಪ್ಪು-ಬಸಿಗಳ ಸದ್ದು, ಯಾರೋ ನಗುತ್ತಿದ್ದರು. ವೈನಿಗೆ ಬಹಳ ತ್ರಾಸವಾಗಿದೆ, ದವಾಖಾನೆಯಲ್ಲಿದ್ದೇವೆ ಎಂದೆ. "ಅಣ್ಣಾ, ಕ್ಯಾಲ್ಸಿಯಂ ಬಿಟ್ಟು ಮತ್ತೇನರೆ ತಗೋತಾರೇನು? ಡಾಕ್ಟ್ರು ಕೇಳಾಕತ್ತಾರ."

ಆತ ಎದ್ದು ಹೊರಗೆ ಬಂದದ್ದು ಗೊತ್ತಾಯಿತು, ನಗೆಯ ಸದ್ದು ಹಿಂದೆ ಉಳಿಯಿತು.

"ಅವು ಕ್ಯಾಲ್ಸಿಯಂ ಅಲ್ಲ" ಎಂದ.

"ಮತ್ತ?"

"ಮಾರ್ಫಿನ್. ನಾಲ್ಕು ತಾಸಿಗೊಂದು. ಆಕಿಗೆ ಕ್ಯಾನ್ಸರ್ ಆಗೇತಿ, ಎಲಬಿಗೆ ಇಳದೈತಿ. ಹುಡುಗಿ ಲಗ್ನ ಆಗೂತನಕ ಯಾರಿಗೂ ಹೇಳೂದು ಬ್ಯಾಡಂತ..."

ತಾಯಿಗೆ ಆ ರೋಗ ಇದೆ ಎಂದರೆ ಮಗಳ ಸಂಬಂಧ ಹಿಂದೆ ಸರಿಯುತ್ತದೆ, ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನನ್ನಿಂದ ಮುಚ್ಚಿಟ್ಟಿದ್ದರು, ಯಾಕೆಂದರೆ ಹುಡುಗನ ಸೋದರತ್ತೆ ನನ್ನ ಪಕ್ಕದಲ್ಲಿ ಕೂರುತ್ತಾಳೆ. ಮಲಗಿದ್ದ ಮಗಳ ತಲೆಯ ಮೇಲೆ ವೈನಿಯ ಕೈ ಇಡಿಸಿ ಅಣ್ಣ ಆಣೆ ಮಾಡಿಸಿಕೊಂಡಿದ್ದ ಎಂದು ಆಮೇಲೆ ತಿಳಿಯಿತು. ಮಾರ್ಫಿನ್ನಿನ ಪಟ್ಟಿ ಯಾರ ಕಣ್ಣಿಗೂ ಬೀಳದಿರಲೆಂದು ಗುಳಿಗೆಗಳನ್ನು ಬಿಡಿಸಿ ಖಾಲಿ ಕ್ಯಾಲ್ಸಿಯಂ ಬಾಟಲಿಗೆ ತುಂಬಿದ್ದ.

ಡಾಕ್ಟರಿಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ನೀವು ಕೊಟ್ಟದ್ದು ಇಳಿಯುವ ತನಕ ಕಾಯಬೇಕು, ಬೇರೆ ದಾರಿ ಇಲ್ಲ ಎಂದರು. ಸಲಾಯಿನ್ ಹಚ್ಚಿದರು, ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರು, ನಡುಕಕ್ಕೆ ಏನೋ ಕೊಟ್ಟರು. ಮಾರ್ಫಿನ್ನನ್ನೇ ಜಾಸ್ತಿ ಕೊಡಬಾರದೇ ಎಂದು ಕೇಳಿದೆ. ಈಗ ಅದು ತಾಗುವುದಿಲ್ಲ, ತಾಗಲಿ ಎಂದು ಬಹಳ ಕೊಟ್ಟರೆ, ಅಡ್ಡ ನಿಂತದ್ದು ಸರಿದ ಮೇಲೆ ಎಲ್ಲ ಒಮ್ಮೆಲೇ ತಾಗಿ ಉಸಿರು ನಿಲ್ಲಬಹುದು ಎಂದರು. ಬಾಗಿಲಿಗೆ ಅಡ್ಡ ನಿಲ್ಲುತ್ತದೆ ಎನ್ನುವುದನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆ ದಿನ ಅದನ್ನು ಕಣ್ಣಾರೆ ನೋಡಿದೆ.

ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಸುಮಾರು ಆರರವರೆಗೆ. ಮುಚ್ಚಿಟ್ಟಿದ್ದ ರೋಗವೆಲ್ಲ ಔಷಧದ ಹೊದಿಕೆ ಕಿತ್ತುಕೊಂಡು ಆಕೆಯ ಎಲುಬುಗಳಲ್ಲಿ ಎದ್ದು ಕೂತಿತ್ತು. ಆಕೆ ನನ್ನ ಮುಂಗೈ ಹಿಡಿದಿದ್ದಳು. ನಾಲ್ಕು ತಿಂಗಳ ಹಿಂದಾದರೆ ಯಾರಾದರೂ ಆ ಕೈಯನ್ನು ಮುಟ್ಟಿದರೂ ನಾನು ಚೀರುತ್ತಿದ್ದೆ. ಈಗ ಆಕೆ ಉಗುರು ಮೂಡುವ ಹಾಗೆ ಹಿಚುಕುತ್ತಿದ್ದಳು, ನನಗೆ ಅಂಥ ನೋವೇನೂ ಇರಲಿಲ್ಲ. ನೋಯಲಿ ಎಂದು ಬೇಡಿಕೊಂಡೆ. ಗೋಡೆಯ ಗಡಿಯಾರ, ಸಲಾಯಿನ್ನಿನ ಹನಿ, ಎರಡನ್ನೇ ನೋಡುತ್ತ ಕೂತೆ. ಎರಡೂ ಕೂಡಿ ನಡೆಯುವುದಿಲ್ಲ ಎಂದು ನಾನು ಹೇಳಿದ್ದೂ ಆಕೆ ಯಾಕೆ ಬಾಯಿ ತೆರೆದಳು ಎಂದು ಆ ಏಳೆಂಟು ತಾಸಿನಲ್ಲಿ ನೂರು ಸಲ ಕೇಳಿಕೊಂಡಿರಬೇಕು.

ಐದರ ಹೊತ್ತಿಗೆ ನಡುಕ ಇಳಿಯತೊಡಗಿತು. ಡಾಕ್ಟರು ಸ್ವಲ್ಪ ಸ್ವಲ್ಪವೇ ಮಾರ್ಫಿನ್ ಶುರು ಮಾಡಿ, ಪಕ್ಕದಲ್ಲೇ ನಿಂತು ಉಸಿರು ಎಣಿಸಿದರು. ಮುಖ ಸಡಿಲವಾಯಿತು. ವೈನಿ ಕಣ್ಣು ತೆರೆದು ನನ್ನನ್ನು ನೋಡಿ, ಒಣಗಿದ ದನಿಯಲ್ಲಿ, "ದಾರು ಬಿಡಸೂ ಔಷಧ ಅಂದಿದ್ದಿ. ನಾ ಯಾವಾಗ ಕುಡದಿದ್ನೆ ಯವ್ವಾ?" ಎಂದಳು. ನನಗೆ ನಗು ಬರಲಿಲ್ಲ. ಆಕೆಗೆ ನನ್ನನ್ನು ನಗಿಸಬೇಕಿತ್ತು.

ಆಗ ಕೇಳಿದೆ, ಯಾಕೆ ತಗೊಂಡಿರಿ ಎಂದು.

"ಹೇಳಿದ್ರ ಆಣಿ ಮುರೀತಿತ್ತು. ಬ್ಯಾಡ ಅಂದಿದ್ರ ಯಾಕ ಬ್ಯಾಡ ಅಂತ ನೀ ಬಿಡ್ತಿದ್ದಿಲ್ಲ. ಬರ್ಫನ್ಯಾಗ ಇಟಗೊಂಡು ಅಷ್ಟು ದೂರದಿಂದ ತಂದಿದ್ದಿ. ಒಂದ ಹನಿ ನೀರು, ಏನು ಮಾಡೀತು ಅಂದೆ."

ಅಣ್ಣ ಸಂಜೆ ಬಂದ. ಮುದ್ದೇಬಿಹಾಳದಲ್ಲಿ ಎದ್ದು ಬರುವಾಗ ಯಾಕೆ ಎಂದು ಅವರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಬಂದಿದ್ದ. ಅವರು ಚೆನ್ನಾಗಿಯೇ ಮಾತಾಡಿದರಂತೆ. ಮೊದಲು ಅವರನ್ನು ನೋಡಿಕೊಳ್ಳಿ, ತಾರೀಖು ಆಮೇಲೆ ತಿಳಿಸುತ್ತೇವೆ ಎಂದರಂತೆ. ತಿಳಿಸಲಿಲ್ಲ. ನನ್ನ ಪಕ್ಕದ ಕುರ್ಚಿಯವಳು ಮುಂದಿನ ತಿಂಗಳಿಂದ ಕಿಟಕಿಯ ಹತ್ತಿರ ಗಾಳಿ ಚೆನ್ನಾಗಿದೆ ಎಂದು ಜಾಗ ಬದಲಾಯಿಸಿದಳು. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ, ನಾನೂ ಆತನಿಗೆ ಅನ್ನಲಿಲ್ಲ. ಇಬ್ಬರಿಗೂ ಅನ್ನುವುದು ಬಹಳವಿತ್ತು. ಅನ್ನಲು ಇಬ್ಬರಿಗೂ ಬಾಯಿ ಇರಲಿಲ್ಲ.

ಮನೆಗೆ ಬಂದ ಮೇಲೆ ಮಗಳು ಆ ಕ್ಯಾಲ್ಸಿಯಂ ಬಾಟಲಿಯನ್ನು ತಾನೇ ಒಯ್ದು ಎಸೆದಳು. ಮಾರ್ಫಿನ್ ತನ್ನ ಪಟ್ಟಿಯಲ್ಲಿ, ತನ್ನ ಹೆಸರಿನಲ್ಲಿ, ಕಪಾಟಿನ ಮುಂಭಾಗದಲ್ಲಿ ಕೂತಿತು. ಮುಚ್ಚುವುದು ಏನೂ ಉಳಿಯಲಿಲ್ಲವಾದ್ದರಿಂದ ಓಣಿಯ ಹೆಂಗಸರು ಬಂದು ಕೂರತೊಡಗಿದರು, ವೈನಿಗೆ ಮಾತಾಡಲು ಜನ ಸಿಕ್ಕರು. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು ಎಂದು ಹೇಳುವವರಿದ್ದಾರೆ. ನಾನು ಹೇಳಲಾರೆ.

ಸಿಂದಗಿಗೆ ಮರಳಿ ನನ್ನ ಬಾಟಲಿಯನ್ನು ಮೋರಿಗೆ ಸುರಿದೆ. ಹೊಸದು ಮಾಡಲಿಲ್ಲ. ಮೂರು ವಾರಕ್ಕೆ ನೋವು ಮರಳಿತು. ಬಾಗೇವಾಡಿಗೆ ಹೋದಾಗ ನಾನು ಬಾಗಿಲ ಚೌಕಟ್ಟು ಹಿಡಿದು ಮೆಟ್ಟಿಲು ಹತ್ತಿದ್ದನ್ನು ವೈನಿ ಮಂಚದಿಂದಲೇ ನೋಡಿದಳು. "ನಂದೂ ನಿಂದೂ ಎರಡೂ ಹೊರಾಕ ನನ್ನ ಕೈಲೆ ಆಗಂಗಿಲ್ಲ. ನಾಳಿಯಿಂದ ನಿಂದು ನೀ ತಗೋ" ಎಂದಳು. ತೆಗೆದುಕೊಂಡೆ. ಈಗಲೂ ತೆಗೆದುಕೊಳ್ಳುತ್ತೇನೆ. ಯಾರಾದರೂ ಇದೇನು ಔಷಧ, ನಮಗೂ ಹೇಳಿ ಎಂದರೆ ಡಾಕ್ಟರ ಬಳಿ ಹೋಗಿ ಎನ್ನುತ್ತೇನೆ. ಹೋಗುವಾಗ ನೀವು ನುಂಗುವ ಗುಳಿಗೆಗಳನ್ನೆಲ್ಲ ಪಟ್ಟಿಯ ಸಮೇತ ಒಯ್ಯಿರಿ, ಡಬ್ಬಿಯಲ್ಲಿ ಸುರಿದು ಒಯ್ಯಬೇಡಿ ಎನ್ನುತ್ತೇನೆ. ನಾಚಿಕೆಯ ಔಷಧ ಇದ್ದರೆ ಅದನ್ನು ಮೊದಲು ತೋರಿಸಿ ಎನ್ನುತ್ತೇನೆ. ಬಾಟಲಿ ತೋರಿಸಿ ಎಂದವರಿಗೆ ತೋರಿಸುವುದಿಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಅದನ್ನು ಅಣ್ಣನಿಗೂ ಹೇಳಿಲ್ಲ, ನನ್ನ ಗಂಡನಿಗೂ ಹೇಳಿಲ್ಲ.

ವೈನಿ ತೀರುವುದಕ್ಕೆ ಸುಮಾರು ಎರಡು ವಾರ ಮುಂಚೆ, ನಮ್ಮ ಶಾಲೆಗೆ ದಸರಾ ರಜೆ. ನಾನು ಬಾಗೇವಾಡಿಯಲ್ಲಿದ್ದೆ. ಅಣ್ಣ ಬಜಾರಕ್ಕೆ, ಮಗಳು ಕಾಲೇಜಿಗೆ. ಮಾರ್ಫಿನ್ನಿಗೆ ಬಾಯಿ ಬಹಳ ಒಣಗುತ್ತದೆ. ನೀರು ಬೇಕೇ ಎಂದೆ, ಬೇಕೆಂದಳು. ನೀರಿನ ಮಣ್ಣಿನ ಹರವಿಯಿಂದ ಲೋಟದಲ್ಲಿ ತಂದೆ. ತಲೆ ಎತ್ತಿ ಹಿಡಿದು ತುಟಿಗೆ ಹಚ್ಚಲು ಹೋದೆ. ಆಕೆ ಲೋಟದೊಳಗೆ ನೋಡಿದಳು. ಒಂದು ಕ್ಷಣ ಅಷ್ಟೇ. ಆಮೇಲೆ ನನ್ನ ಕಡೆ ನೋಡದೆ, "ಇಡು, ಹಿಂದಾಗಡಿ ಕುಡೀತೇನಿ" ಎಂದಳು.

ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಆಕೆ ಕುಡಿಯಲಿಲ್ಲ. ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ ಹಳೆಯ ಮಾತೆಲ್ಲ ಆಡಿದಳು, ಇಂಡಿಯ ಮನೆಯ ನೆಲಮಾಳಿಗೆ, ನಾನು ಹೊಲಿಸಿಕೊಂಡ ಮೊದಲ ಲಂಗ. ಬಹಳ ಪ್ರೀತಿಯಿಂದಲೇ ಆಡಿದಳು, ನನ್ನ ಕೈ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. ಹೊಸ ನೀರು ತರಲೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಮಧ್ಯಾಹ್ನ ಮಗಳು ಬಂದಳು. ಚಪ್ಪಲಿ ಬಿಡುವ ಮುಂಚೆಯೇ ವೈನಿ ನೀರು ಕೇಳಿದಳು. ಅದೇ ಹರವಿ, ಅದೇ ನೀರು. ಎರಡು ಲೋಟ ಗಟಗಟ ಕುಡಿದಳು.

ಇದು ಆಕೆಯ ಮನಸ್ಸಿನ ಮಾತಲ್ಲ, ಆ ದಿನವನ್ನು ಮರೆಯಲಾಗದ ಮೈಯ ಮಾತು. ನನಗೆ ಅದು ಗೊತ್ತು. ಕಟ್ಟೆಯ ಮೇಲಿದ್ದ ಲೋಟವನ್ನು ನಾನು ಹಿತ್ತಿಲಿಗೆ ಒಯ್ದು ಕರಿಬೇವಿನ ಗಿಡಕ್ಕೆ ಸುರಿದೆ. ಅಲ್ಲಿಂದ ಮುಂದೆ ಆಕೆಗೆ ತಿನ್ನಲು ಕುಡಿಯಲು ಕೊಡುವಾಗ ಏನಾದರೊಂದು ನೆಪ ಹೇಳಿ ಮಗಳ ಕೈಗೆ ಕೊಟ್ಟು ಕಳಿಸುತ್ತಿದ್ದೆ. ನೆಪ ನೆಪವೆಂದು ವೈನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಆಕೆ ಹೇಳುವವಳಲ್ಲ.

ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಬಾಗೇವಾಡಿ ಮುಟ್ಟುವಾಗ ಅಂಗಳದಲ್ಲಿ ಮಲಗಿಸಿದ್ದರು. ಒಬ್ಬೊಬ್ಬರಾಗಿ ಬಂದು ಬಾಯಿಗೆ ನೀರು ಬಿಡುತ್ತಿದ್ದರು, ತಾಮ್ರದ ತಂಬಿಗೆ, ಒಂದು ಸಣ್ಣ ಚಮಚ. ಓಣಿಯವರು ಬಿಟ್ಟರು, ಬಂಧುಗಳು ಬಿಟ್ಟರು. ಅಣ್ಣ ನನ್ನನ್ನು ಹುಡುಕಿ ಕರೆದು ಚಮಚ ಕೈಗಿಟ್ಟ. "ಬಿಡು. ನಿನ್ನನ್ನ ಮಗಳಂಗ ಬೆಳಸಿದಾಕಿ" ಎಂದ.

ಬಗ್ಗಿದೆ. ತುಟಿ ಸ್ವಲ್ಪ ತೆರೆದಿತ್ತು. ಈಗ ಆಕೆ ಬೇಡ ಎನ್ನಲಾರಳು, ಇಡು ಎಂದು ಮುಖ ತಿರುಗಿಸಲಾರಳು. ಹಾಗಿರುವಾಗ ಬಿಡುವುದು ನನ್ನಿಂದಾಗಲಿಲ್ಲ. ಚಮಚವನ್ನು ಆಕೆಯ ಮಗಳ ಕೈಗೆ ಕೊಟ್ಟು, ನನ್ನದೂ ನೀನೇ ಬಿಡು ಎಂದೆ. ಅವಳು ಯಾಕೆಂದು ಕೇಳದೆ ಎರಡು ಸಲ ಬಿಟ್ಟಳು.